ಹಳೇ ಬ್ಯಾಂಡ್ ಸಾ ಕೆಟ್ಟು ನಿಂತಿದ್ಯಾ? ಪಾರ್ಟ್ಸ್ ಹುಡುಕೋ ದಾರಿ ಇದು

ಹಳೇ ಬ್ಯಾಂಡ್ ಸಾ, ಅಂದ್ರೆ ವೀಲುಗಳ ಮೇಲೆ ಸುತ್ತೋ ಉದ್ದನೆ ಪಟ್ಟಿ ಬ್ಲೇಡಲ್ಲಿ ಮರನೋ ಲೋಹನೋ ಕತ್ತರಿಸೋ ಮಷೀನು, ಒಂದು ಮೂಲೇಲಿ ನಿಂತಿರತ್ತೆ, ಎರಕದ ಬಾಡಿ ಕಲ್ಲಿನ ಥರ ಗಟ್ಟಿಯಾಗಿರತ್ತೆ, ವೀಲ್ ಕೈಯಲ್ಲಿ ತಿರುಗಿಸಿದ್ರೆ ತಿರುಗತ್ತೆ, ಆದ್ರೆ ವೀಲಿನ ಸುತ್ತ ಇರೋ ರಬ್ಬರ್ ಟೈರ್ ಬಿರುಕು ಬಿಟ್ಟಿದೆ, ಬ್ಲೇಡು ಅಲ್ಲಾಡದ ಹಾಗೆ ಹಿಡಿಯೋ ಗೈಡ್ ಕಳೆದುಹೋಗಿದೆ, ಸ್ಪ್ರಿಂಗ್ ಕುಸಿದಿದೆ, ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಕಂಪನಿ ಹೆಸರು, ಮಾಡೆಲ್ ನಂಬರ್ ಹಾಕಿ ಹುಡುಕ್ತಾರೆ, ಏನೂ ಸಿಗಲ್ಲ, ಅಲ್ಲಿಗೆ ಕೈಚೆಲ್ಲಿ ಗುಜರಿಗೆ ಕೊಡ್ತಾರೆ. ಇನ್ನೂ ಐವತ್ತು ವರ್ಷ ದುಡಿಯೋ ಮಷೀನು ಒಂದು ಬೇರಿಂಗ್ ಸಿಗಲಿಲ್ಲ ಅಂತ ತೂಕಕ್ಕೆ ಹೋಗೋದು ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಒಂದು ವಿಷಯ ಮೊದ್ಲು ತಲೇಲಿ ಕೂತ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಬ್ಯಾಂಡ್ ಸಾ ಮಾಡಿದವರು ಅದರಲ್ಲಿರೋದನ್ನೆಲ್ಲ ತಾವೇ ಮಾಡಿರಲ್ಲ. ಬಾಡಿ ಎರಕ ಹೊಯ್ದಿರ್ತಾರೆ, ವೀಲು, ಟೇಬಲ್ಲು ಮಾಡಿರ್ತಾರೆ, ಮಿಕ್ಕಿದ್ದೆಲ್ಲ, ಅಂದ್ರೆ ಬೇರಿಂಗು, ಬೆಲ್ಟು, ಸ್ಪ್ರಿಂಗು, ನಟ್ಟು ಬೋಲ್ಟು, ಮೋಟರು, ಸ್ವಿಚ್ಚು, ಇವೆಲ್ಲ ಹೊರಗಡೆಯಿಂದ ಕೊಂಡು ಹಾಕಿದ್ದು. ಅವಕ್ಕೆ ಬ್ಯಾಂಡ್ ಸಾ ಕಂಪನಿ ಹೆಸರು ಬೇಕಾಗಿಲ್ಲ, ಅಳತೆ ಇದ್ರೆ ಸಾಕು. ನಿಜವಾಗಿ ಆ ಮಷೀನಿಗೇ ಅಂತ ಇರೋ ಪಾರ್ಟು ನಾಲ್ಕೈದು ಮಾತ್ರ. ಹುಡುಕೋ ಶ್ರಮ ಅಷ್ಟೂ ಆ ನಾಲ್ಕೈದಕ್ಕೆ ಇಟ್ಕೊಳ್ಳಿ.

1. ಮಷೀನು ಯಾವುದು ಅಂತ ಪತ್ತೆ ಹಚ್ಚಿ

ನೇಮ್ ಪ್ಲೇಟ್ ಇದ್ರೆ ಒಳ್ಳೇದು, ಎಣ್ಣೆ ಬಟ್ಟೇಲಿ ಮೆತ್ತಗೆ ಒರೆಸಿ, ಸ್ಯಾಂಡ್ ಪೇಪರ್ ಹಾಕ್ಬೇಡಿ, ಅಕ್ಷರ ಅಳಿಸಿಹೋಗತ್ತೆ. ಮಾಡೆಲ್ ನಂಬರು, ಸೀರಿಯಲ್ ನಂಬರು ಎರಡನ್ನೂ ಫೋಟೋ ತೆಗೆದು ಬರ್ಕೊಳ್ಳಿ. ಇದರ ಜೊತೆ ಎರಕದ ಮೇಲೇ ಉಬ್ಬಿರೋ ನಂಬರ್‌ಗಳು ಸಿಗತ್ವೆ, ವೀಲ್ ಹಿಂದೆ, ಟೇಬಲ್ ಕೆಳಗೆ, ಕವರ್ ಒಳಗಡೆ. ಇಲ್ಲಿ ತುಂಬ ಜನ ಎಡವುತ್ತಾರೆ: ಅದು ಎರಕದ ಅಚ್ಚಿನ ನಂಬರು, ಪಾರ್ಟ್ ನಂಬರ್ ಆಗಿರ್ಲೇಬೇಕು ಅಂತಿಲ್ಲ. ಒಂದೇ ಎರಕನ ಬೇರೆ ಬೇರೆ ಥರ ಕೊರೆದು ಎರಡು ಮಾಡೆಲ್‌ಗೆ ಹಾಕಿರ್ಬಹುದು. ಬರ್ಕೊಳ್ಳಿ, ಆದ್ರೆ ಅದೊಂದನ್ನೇ ನಂಬಿ ಆರ್ಡರ್ ಮಾಡ್ಬೇಡಿ.

ಕಂಪನಿ ಹೆಸರಿನ ಕಥೆ ಗೊತ್ತಿದ್ರೆ ಹುಡುಕಾಟ ಸಲೀಸು. ಉದಾಹರಣೆಗೆ ಅಮೆರಿಕದ ಡೆಲ್ಟಾ. 1945ರಲ್ಲಿ ರಾಕ್‌ವೆಲ್ ಅದನ್ನ ಕೊಂಡ್ಕೊಂಡ್ರು, 1981ರಲ್ಲಿ ಪೆಂಟೇರ್ ಕೈಗೆ ಹೋಯ್ತು, 2004ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್, 2011ರಲ್ಲಿ ತೈವಾನಿನ ಚಾಂಗ್ ಟೈಪ್. ಹಾಗಾಗಿ ನಿಮ್ಮ ಮಷೀನ್ ಮೇಲೆ ರಾಕ್‌ವೆಲ್ ಅಂತಿದ್ರೆ ಡೆಲ್ಟಾ ಅಂತಾನೂ ಹುಡುಕ್ಬೇಕು, ಡೆಲ್ಟಾ ಅಂತಿದ್ರೆ ರಾಕ್‌ವೆಲ್ ಅಂತಾನೂ ಹುಡುಕ್ಬೇಕು. ಸಿಯರ್ಸ್ ಅಂಗಡಿಯವರ ಕ್ರಾಫ್ಟ್ಸ್‌ಮನ್ ಅಂತೂ ಅವರೇ ಮಾಡಿದ್ದಲ್ಲ, ಬೇರೆಯವರ ಹತ್ರ ಮಾಡಿಸಿದ್ದು. ಮಾಡೆಲ್ ನಂಬರಿನ ಮೊದಲ ಮೂರು ಅಂಕಿ ಮಾಡಿದವರು ಯಾರು ಅಂತ ಹೇಳತ್ತೆ, 113 ಅಂದ್ರೆ ಎಮರ್ಸನ್, 103 ಅಂದ್ರೆ ಕಿಂಗ್ ಸೀಲಿ.

ಇನ್ನೊಂದು ದೊಡ್ಡ ಉಪಕಾರ ಅಂದ್ರೆ ನಕಲು ಮಾಡೆಲ್‌ಗಳು. ಡೆಲ್ಟಾದ 14 ಇಂಚಿನ ಎರಕದ ಬ್ಯಾಂಡ್ ಸಾ ಎಷ್ಟು ಹೆಸರು ಮಾಡ್ತು ಅಂದ್ರೆ ತೈವಾನಲ್ಲಿ ಅದರ ಮಾದರೀಲೇ ಎಷ್ಟೋ ಕಂಪನಿಗೆ ಮಾಡಿಕೊಟ್ರು, ಬಣ್ಣ ಬೇರೆ, ಸ್ಟಿಕ್ಕರ್ ಬೇರೆ, ಒಳಗಡೆ ಹತ್ತಿರ ಹತ್ತಿರ ಒಂದೇ. ನಿಮ್ಮದು ಆ ಆಕಾರದ್ದಾದ್ರೆ, ಅಂದ್ರೆ ಬಾಡಿ ಎರಡು ತುಂಡಾಗಿ ಮಧ್ಯೆ ಒಂದು ದೊಡ್ಡ ಬೋಲ್ಟಲ್ಲಿ ಸೇರಿದ್ರೆ, ಟೈರು, ಗೈಡು, ಸ್ಪ್ರಿಂಗು, ಟೇಬಲ್ ಹೊರೋ ಟ್ರನಿಯನ್ನು ಎಲ್ಲಕ್ಕೂ ಬೇರೆ ಹೆಸರಿನ ಮಷೀನಿನ ಪಾರ್ಟ್ ಆಗೋ ಸಾಧ್ಯತೆ ತುಂಬ ಇದೆ. ಆದ್ರೂ ಅಳತೆ ನೋಡ್ದೆ ತಗೋಬೇಡಿ, ಅಸಲು ಇಂಚಿನದು, ನಕಲು ಕೆಲವು ಕಡೆ ಮಿಲಿಮೀಟರಿನದು.

ಮ್ಯಾನ್ಯುಯಲ್ ಸಿಕ್ಕಿದ್ರೆ ಅದರಲ್ಲಿ ಬಿಡಿಸಿಟ್ಟ ಚಿತ್ರ ಇರತ್ತಲ್ಲ, ಒಂದೊಂದು ಪಾರ್ಟೂ ಬೇರೆ ಬೇರೆಯಾಗಿ ಗಾಳೀಲಿ ತೇಲ್ತಿರೋ ಥರ, ಅದನ್ನ ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಎಷ್ಟೋ ಸಲ ಪಾರ್ಟ್ ಕಳೆದುಹೋಗಿದೆ ಅನ್ನೋದೇ ಆ ಚಿತ್ರ ನೋಡಿದ ಮೇಲೆ ಗೊತ್ತಾಗತ್ತೆ. ಹಳೇ ಮರಗೆಲಸದ ಮಷೀನುಗಳ ಮ್ಯಾನ್ಯುಯಲ್‌ನ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿರೋರು ಇದ್ದಾರೆ, ವಿಂಟೇಜ್ ಮೆಷಿನರಿ ಅಂತ ಹುಡುಕಿದ್ರೆ ಅಮೆರಿಕದ ಕಂಪನಿಗಳದ್ದು ರಾಶಿ ಸಿಗತ್ತೆ.

2. ಬಿಚ್ಚಿ, ಆದ್ರೆ ಲೆಕ್ಕ ಇಟ್ಕೊಂಡು ಬಿಚ್ಚಿ

ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಹಾಗೆ ಇಡಿ. ಟೆನ್ಷನ್, ಅಂದ್ರೆ ಬ್ಲೇಡಿನ ಬಿಗಿ, ಪೂರ್ತಿ ಸಡಿಲ ಮಾಡಿ ಬ್ಲೇಡ್ ತೆಗೀರಿ, ಕೈಗೆ ಗವಸು ಹಾಕ್ಕೊಂಡೇ. ಆಮೇಲೆ ಒಂದೊಂದು ಭಾಗ ಬಿಚ್ಚೋಕೆ ಮುಂಚೆ ಫೋಟೋ, ಬಿಚ್ಚಿದ ಮೇಲೆ ಫೋಟೋ.

ವೀಲ್ ನಟ್ಟು ಬಿಚ್ಚುವಾಗ ಹುಷಾರು. ಕೆಲವು ಮಷೀನಲ್ಲಿ ಒಂದು ವೀಲಿನ ನಟ್ಟು ಎಡಗೈ ಥ್ರೆಡ್ ಇರತ್ತೆ, ಅಂದ್ರೆ ಉಲ್ಟಾ, ಗಡಿಯಾರದ ಮುಳ್ಳು ತಿರುಗೋ ಕಡೆ ತಿರುಗಿಸಿದ್ರೆ ಬಿಚ್ಕೊಳತ್ತೆ. ಗೊತ್ತಿಲ್ದೆ ಉದ್ದನೆ ಪೈಪ್ ಹಾಕಿ ಜಗ್ಗಿದ್ರೆ ಶಾಫ್ಟ್ ಥ್ರೆಡ್ಡೇ ಕಿತ್ಕೊಂಡು ಬರತ್ತೆ, ಆಗ ಇಲ್ಲದ ಕೆಲಸ ಹುಟ್ಕೊಳತ್ತೆ. ನಟ್ಟಿನ ಆಚೆ ಕಾಣೋ ಥ್ರೆಡ್ ಯಾವ ಕಡೆ ವಾಲಿದೆ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಬಲ ಹಾಕಿ.

ವೀಲ್ ಹಿಂದೆ ತೆಳ್ಳಗಿನ ವಾಷರ್ ಒಂದೋ ಎರಡೋ ಸಿಗಬಹುದು. ಅದು ಯಾರೋ ಸುಮ್ನೆ ಹಾಕಿದ್ದು ಅಂತ ಎಸೀಬೇಡಿ. ಮೇಲಿನ ವೀಲು ಕೆಳಗಿನ ವೀಲು ಒಂದೇ ಸಾಲಲ್ಲಿ ಬರಲಿ ಅಂತ ಲೆಕ್ಕ ಹಾಕಿ ಹಾಕಿರೋದು ಅದು, ಯಾವ ವೀಲಿಂದ ಎಷ್ಟು ಬಂತು ಅಂತ ಬರೆದು ಆ ವೀಲಿಗೇ ಕಟ್ಟಿಡಿ.

ಈಗ ಒಂದು ಹಾಳೆ ತಗೊಂಡು ಮೂರು ಪಟ್ಟಿ ಮಾಡಿ. ಎಲ್ಲಿ ಬೇಕಾದ್ರೂ ಸಿಗೋದು, ಲೇತ್‌ನವರ ಹತ್ರ ಮಾಡಿಸಬಹುದಾದ್ದು, ಹುಡುಕಲೇಬೇಕಾದ್ದು. ನೋಡ್ತಾ ನೋಡ್ತಾ ಮೂರನೇ ಪಟ್ಟಿ ಎಷ್ಟು ಚಿಕ್ಕದಾಗತ್ತೆ ಅಂತ ನಿಮಗೇ ಆಶ್ಚರ್ಯ ಆಗತ್ತೆ.

3. ಬೇರಿಂಗ್: ಎಲ್ಲಕ್ಕಿಂತ ಸುಲಭ

ಬೇರಿಂಗಿನ ಪಕ್ಕದಲ್ಲಿ ಸಣ್ಣದಾಗಿ ನಂಬರ್ ಕೆತ್ತಿರ್ತಾರೆ. 6203 ಅಂತಿದ್ರೆ ಒಳವ್ಯಾಸ 17 ಮಿಮೀ, ಹೊರವ್ಯಾಸ 40, ದಪ್ಪ 12. 6202 ಆದ್ರೆ 15, 35, 11. 6204 ಆದ್ರೆ 20, 47, 14. 6205 ಆದ್ರೆ 25, 52, 15. ಪ್ರಪಂಚದಲ್ಲಿ ಯಾರೇ ಮಾಡಿದ್ರೂ ಇದೇ ಅಳತೆ. ಕೊನೇ ಎರಡಂಕಿ 04 ಅಥವಾ ಮೇಲಿದ್ರೆ ಐದರಿಂದ ಗುಣಿಸಿದ್ರೆ ಒಳವ್ಯಾಸ ಬರತ್ತೆ, ಕೆಳಗಿನ ನಾಲ್ಕು ಮಾತ್ರ ಬಾಯಿಪಾಠ ಮಾಡ್ಬೇಕು: 00 ಅಂದ್ರೆ 10, 01 ಅಂದ್ರೆ 12, 02 ಅಂದ್ರೆ 15, 03 ಅಂದ್ರೆ 17. ನಂಬರ್ ಅಳಿಸಿಹೋಗಿದ್ರೆ ಕ್ಯಾಲಿಪರಲ್ಲಿ ಮೂರು ಅಳತೆ ತಗೊಂಡ್ರೆ ಮುಗೀತು. ನಂಬರಿನ ಹಿಂದೆ 2ಆರ್‌ಎಸ್ ಅಂತಿದ್ರೆ ಎರಡೂ ಕಡೆ ರಬ್ಬರ್ ಸೀಲು, ಝಡ್‌ಝಡ್ ಅಂತಿದ್ರೆ ತಗಡಿನ ಮುಚ್ಚಳ. ಬ್ಯಾಂಡ್ ಸಾಗೆ ಮರದ ಪುಡಿ ಸದಾ ಮೆತ್ಕೊಳತ್ತೆ, ಹಾಗಾಗಿ ಮೊದಲು ತಗಡಿಂದು ಇದ್ರೂ ನಾನು 2ಆರ್‌ಎಸ್ಸೇ ಹಾಕೋದು.

ಆದ್ರೆ ಹಳೇ ಅಮೆರಿಕನ್ ಮಷೀನಲ್ಲಿ ಒಂದು ಗುಂಡಿ ಇದೆ. ಬೇರಿಂಗ್ ಹೊರಗಡೆಯಿಂದ ನೋಡಿದ್ರೆ 6203ರ ಥರಾನೇ ಇರತ್ತೆ, ಹೊರವ್ಯಾಸ 40 ಮಿಮೀ ಸರಿಯಾಗೇ ಬರತ್ತೆ, ಒಳಗಿನ ತೂತು ಮಾತ್ರ 17 ಅಲ್ಲ, ಐದೆಂಟಾಂಶ ಇಂಚು, ಅಂದ್ರೆ 15.875 ಮಿಮೀ. ಸಾದಾ 6203 ತಂದು ಹಾಕಿದ್ರೆ ಶಾಫ್ಟ್ ಮೇಲೆ ಲೊಡಲೊಡ ಅನ್ನತ್ತೆ. ಅದಕ್ಕೆ ಅಂತಾನೇ ತೂತು ಬದಲಾಯಿಸಿದ 6203 ಬರತ್ತೆ, ನಂಬರಿನ ಕೊನೇಲಿ 10 ಅಂತ ಸೇರಿಸಿರ್ತಾರೆ, ಹದಿನಾರರಲ್ಲಿ ಹತ್ತು ಭಾಗ ಇಂಚು ಅನ್ನೋ ಲೆಕ್ಕ. ಈ ಒಂದು ವಿಷಯ ಗೊತ್ತಿಲ್ದೆ ಶಾಫ್ಟಿಗೆ ತಗಡು ಸುತ್ತಿ ಕೂರಿಸಿರೋ ಮಷೀನುಗಳನ್ನ ನಾನು ಬಿಚ್ಚಿದೀನಿ, ಪಾಪ ಅವರಿಗೆ ಯಾರೂ ಹೇಳಿರ್ಲಿಲ್ಲ ಅಷ್ಟೆ.

ಹಾಕುವಾಗ ಯಾವ ರಿಂಗ್ ಬಿಗಿಯಾಗಿ ಕೂರತ್ತೋ ಅದನ್ನೇ ಒತ್ತಬೇಕು. ವೀಲ್ ಒಳಗೆ ಕೂರಿಸುವಾಗ ಹೊರಗಿನ ರಿಂಗು, ಶಾಫ್ಟ್ ಮೇಲೆ ಕೂರಿಸುವಾಗ ಒಳಗಿನ ರಿಂಗು. ಉಲ್ಟಾ ಹೊಡೆದ್ರೆ ಏಟು ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗು ಹಾಕ್ದಾಗ್ಲೇ ಹಾಳು. ಪ್ರಸಿದ್ಧ ಬ್ರಾಂಡ್ ಹೆಸರಲ್ಲಿ ನಕಲಿ ಬೇರಿಂಗ್ ಬರತ್ತೆ, ಬೆಲೆ ತೀರಾ ಕಮ್ಮಿ ಕಂಡ್ರೆ ಅನುಮಾನ ಪಡಿ.

ತೀರಾ ಹಳೇ ದೊಡ್ಡ ಮಷೀನಾದ್ರೆ ಗುಂಡಿನ ಬೇರಿಂಗೇ ಇರಲ್ಲ, ಬೆಳ್ಳಗಿನ ಮೆತ್ತನೆ ಲೋಹದ ಬ್ಯಾಬಿಟ್ ಬೇರಿಂಗ್ ಇರತ್ತೆ. ಅದನ್ನ ಕೊಳ್ಳೋಕಾಗಲ್ಲ, ಶಾಫ್ಟನ್ನ ಜಾಗದಲ್ಲಿ ನಿಲ್ಲಿಸಿ ಸುತ್ತ ಕರಗಿಸಿ ಹೊಯ್ಯೋದು. ಗೊತ್ತಿರೋರ ಕೈಯಲ್ಲೇ ಮಾಡಿಸಿ, ಒದ್ದೆ ಇರೋ ಕಡೆ ಕರಗಿದ ಲೋಹ ಬಿದ್ರೆ ಸಿಡಿಯತ್ತೆ.

4. ಬೆಲ್ಟು, ಪುಲ್ಲಿ

ವಿ ಬೆಲ್ಟಿನ ಅಗಲ ನೋಡಿ. 10 ಮಿಮೀ ಇದ್ರೆ ಝಡ್, 13 ಇದ್ರೆ ಎ, 17 ಇದ್ರೆ ಬಿ. ಎ-38 ಅಂದ್ರೆ ಒಳಸುತ್ತಳತೆ 38 ಇಂಚು. ಅಮೆರಿಕದ ಇನ್ನೊಂದು ಪದ್ಧತೀಲಿ 4ಎಲ್400 ಅಂತ ಬರೀತಾರೆ, ಅರ್ಧ ಇಂಚು ಅಗಲ, ಹೊರಸುತ್ತಳತೆ 40 ಇಂಚು. ಇವೆರಡೂ ಸುಮಾರಾಗಿ ಒಂದೇ ಉದ್ದದ ಬೆಲ್ಟೇ, ಒಬ್ರು ಒಳಗೆ ಅಳೀತಾರೆ ಇನ್ನೊಬ್ರು ಹೊರಗೆ. ಹಳೇ ಬೆಲ್ಟ್ ಎಳೆದು ಉದ್ದ ಆಗಿರತ್ತೆ, ಅದನ್ನೇ ಅಳೆದು ತರಬೇಡಿ, ದಾರನ ಪುಲ್ಲಿಗಳ ಸುತ್ತ ಸುತ್ತಿ, ಮೋಟರನ್ನ ಅದರ ಜಾರೋ ಜಾಗದ ಮಧ್ಯದಲ್ಲಿಟ್ಟು ಅಳೀರಿ.

ಸಣ್ಣ ಮಷೀನಲ್ಲಿ ಚಪ್ಪಟೆ, ಉದ್ದುದ್ದ ಗೆರೆ ಇರೋ ಬೆಲ್ಟ್ ಬರತ್ತೆ. ಗೆರೆಯಿಂದ ಗೆರೆಗೆ 2.34 ಮಿಮೀ ಇದ್ರೆ ಜೆ ವರ್ಗ. ಗೆರೆ ಎಷ್ಟಿದೆ ಅಂತ ಎಣಿಸಿ, ಉದ್ದ ಅಳೀರಿ, 400ಜೆ6 ಅಂದ್ರೆ 40 ಇಂಚು, ಆರು ಗೆರೆ. ಅಷ್ಟೇ.

5. ಟೈರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ದುಡ್ಡು ದಂಡ ಆಗೋದು ಹೆಚ್ಚಾಗಿ ಇಲ್ಲೇ. ಮೊದ್ಲನೇ ಸಲ ನಾನು 14 ಇಂಚಿನ ಮಷೀನು ಅಂತ 14 ಇಂಚಿನ ಟೈರ್ ತರಿಸಿದ್ದೆ. ವೀಲಿನ ರಿಮ್ಮು ಅಳೆದೇ ಇರ್ಲಿಲ್ಲ. ರಿಮ್ಮು ಅದಕ್ಕಿಂತ ಚಿಕ್ಕದಿತ್ತು, ಟೈರು ಸಡಿಲ ಆಗಿ ಜಾರ್ತಿತ್ತು, ಅದನ್ನ ಇಟ್ಕೊಂಡು ಏನೂ ಮಾಡೋಕಾಗ್ಲಿಲ್ಲ. ಮಷೀನ್ ಸೈಜ್ ಅನ್ನೋದು ಕರೆಯೋ ಹೆಸರು ಮಾತ್ರ.

ಹಾಗಾಗಿ ಹಳೇ ಟೈರ್ ಪೂರ್ತಿ ತೆಗೆದು, ಅಂಟು ಕೆರೆದು, ಬರೀ ರಿಮ್ಮಿನ ವ್ಯಾಸ ಅಳೀರಿ. ದೊಡ್ಡ ವೀಲಾದ್ರೆ ವ್ಯಾಸಕ್ಕಿಂತ ಸುತ್ತಳತೆ ನಿಖರ, ಟೇಪ್ ಸುತ್ತಿ 3.1416ರಿಂದ ಭಾಗಿಸಿ. ಆಮೇಲೆ ಟೈರ್ ಕೂರೋ ಅಗಲ. ಅಂಚಲ್ಲಿ ಏಣು ಇದ್ಯಾ, ಅಂದ್ರೆ ಟೈರು ಕಾಲುವೆ ಒಳಗೆ ಕೂರತ್ತಾ ಇಲ್ಲ ಚಪ್ಪಟೆ ರಿಮ್ಮಿನ ಮೇಲೆ ಕೂರತ್ತಾ ನೋಡಿ. ಹಳೇ ಟೈರಿನ ದಪ್ಪಾನೂ ಬರ್ಕೊಳ್ಳಿ, ಸವೆಯದೆ ಇರೋ ಅಂಚಲ್ಲಿ ಅಳೀರಿ.

ಇನ್ನೊಂದು ನೋಡಬೇಕಾದ್ದು ಉಬ್ಬು. ವೀಲಿನ ಮಧ್ಯ ಭಾಗ ಅಂಚಿಗಿಂತ ಕೂದಲೆಳೆಯಷ್ಟು ಎತ್ತರ ಇರತ್ತೆ, ಬ್ಲೇಡು ಜಾರದೆ ಮಧ್ಯಕ್ಕೆ ಬರೋದು ಅದರಿಂದಾನೇ. ರಿಮ್ಮಿನ ಅಡ್ಡಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡೀರಿ. ಲೋಹದಲ್ಲೇ ಉಬ್ಬಿದ್ರೆ ಎಲ್ಲಾ ಕಡೆ ಒಂದೇ ದಪ್ಪ ಇರೋ ಟೈರ್ ಸಾಕು. ಲೋಹ ಚಪ್ಪಟೆ ಇದ್ರೆ ಉಬ್ಬು ಹಳೇ ಟೈರಲ್ಲಿ ಇತ್ತು ಅಂತ ಅರ್ಥ, ಆಗ ಉಬ್ಬಿರೋ ಟೈರೇ ತಗೋಬೇಕು, ಇಲ್ಲ ರಬ್ಬರ್ ಅಂಟಿಸಿದ ಮೇಲೆ ಸ್ಯಾಂಡ್ ಪೇಪರ್ ಕಟ್ಟಿದ ಮರದ ತುಂಡಲ್ಲಿ ಅಂಚು ಇಳಿಸಬೇಕು.

ರಬ್ಬರ್ ಒಳ್ಳೇದಾ ಯುರೆಥೇನ್ ಒಳ್ಳೇದಾ ಅಂತ ಕೇಳ್ತಾರೆ. ಸಣ್ಣ ಮಷೀನಿಗೆ ನನ್ನ ಮತ ಯುರೆಥೇನಿಗೆ, ಅಂಟು ಬೇಕಾಗಲ್ಲ, ರಬ್ಬರ್ ಥರ ಒಣಗಿ ಬಿರುಕು ಬಿಡೋದು ಕಮ್ಮಿ. ಅದು ರಿಮ್ಮಿಗಿಂತ ಚಿಕ್ಕದಾಗೇ ಬರತ್ತೆ, ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಂದು ಕಡೆ ಎರಡು ಕ್ಲ್ಯಾಂಪ್ ಹಾಕಿ ಹಿಡಿದು, ಆ ಕಡೆ ಈ ಕಡೆ ಸಮವಾಗಿ ಎಳೀತಾ ಹಾಕ್ಬೇಕು. ಇಬ್ರು ಇದ್ರೆ ಸಲೀಸು. ಹಾಕಿದ ಮೇಲೆ ಟೈರ್ ಕೆಳಗೆ ದುಂಡನೆ ಸಲಾಕೆ ತೂರಿಸಿ ಒಂದು ಸುತ್ತು ಬನ್ನಿ, ಎಳೆತ ಎಲ್ಲಾ ಕಡೆ ಸಮ ಆಗತ್ತೆ. ಹಾಂ, ಕಬ್ಬಿಣ ಕತ್ತರಿಸೋ ಬ್ಯಾಂಡ್ ಸಾ ಆದ್ರೆ ಹೆಚ್ಚಿನವಕ್ಕೆ ಟೈರೇ ಇರಲ್ಲ, ಬ್ಲೇಡು ನೇರ ಲೋಹದ ಮೇಲೇ ಓಡತ್ತೆ, ಟೈರ್ ಕಳೆದುಹೋಗಿದೆ ಅಂತ ಹುಡುಕೋಕೆ ಹೋಗ್ಬೇಡಿ.

6. ಬ್ಲೇಡಿನ ಉದ್ದ

ಬೆಸುಗೆ ಬಿಟ್ಟ ಹಳೇ ಬ್ಲೇಡ್ ಇದ್ರೆ ನೆಲದ ಮೇಲೆ ನೇರ ಹಾಸಿ ಅಳೀರಿ, ಅಷ್ಟೇ ಕೆಲಸ. ಇಲ್ಲಾಂದ್ರೆ ಲೆಕ್ಕ: ಎರಡೂ ವೀಲ್ ಒಂದೇ ಸೈಜ್ ಇದ್ರೆ, ಟೈರ್ ಸೇರಿಸಿ ವೀಲಿನ ವ್ಯಾಸನ 3.14ರಿಂದ ಗುಣಿಸಿ, ಅದಕ್ಕೆ ಎರಡು ವೀಲಿನ ನಡುಮಧ್ಯದ ದೂರದ ಎರಡರಷ್ಟು ಸೇರಿಸಿ. ವೀಲು 356 ಮಿಮೀ, ದೂರ 628 ಮಿಮೀ ಅಂದ್ಕೊಳ್ಳಿ. 1118ಕ್ಕೆ 1256 ಸೇರಿದ್ರೆ 2374 ಮಿಮೀ. ಇದೇ ಡೆಲ್ಟಾ 14 ಇಂಚಿನ ಪ್ರಸಿದ್ಧ ತೊಂಬತ್ಮೂರೂವರೆ ಇಂಚಿನ ಬ್ಲೇಡು. ಅದೇ ಮಷೀನಿಗೆ ಬಾಡಿಯ ಎರಡು ತುಂಡಿನ ಮಧ್ಯೆ ಎತ್ತರ ಹೆಚ್ಚಿಸೋ 6 ಇಂಚಿನ ರೈಸರ್ ಬ್ಲಾಕ್ ಸೇರಿಸಿದ್ರೆ ಸುಮಾರು 105 ಇಂಚು ಆಗತ್ತೆ, ಸೆಕೆಂಡ್ ಹ್ಯಾಂಡ್ ತಗೊಂಡವರು ಆ ಬ್ಲಾಕ್ ಇದ್ಯಾ ಇಲ್ವಾ ಮೊದ್ಲು ನೋಡಿ.

ಅಳೆಯೋವಾಗ ಟೆನ್ಷನ್ ಸ್ಕ್ರೂ ಮೇಲಿನ ವೀಲನ್ನ ಅದರ ಓಡಾಟದ ಮಧ್ಯದಲ್ಲಿ ಹಿಡಿದಿರ್ಬೇಕು. ವೀಲು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಹೋದ್ರೆ ಬ್ಲೇಡಿನ ಉದ್ದ ಎರಡು ಸೆಂಟಿಮೀಟರ್ ವ್ಯತ್ಯಾಸ ಆಗತ್ತೆ. ಮೂರು ವೀಲಿನ ಮಷೀನಾದ್ರೆ ಸೂತ್ರ ಬಿಡಿ, ಹಿಗ್ಗದ ದಾರ ಅಥವಾ ತೆಳು ತಂತಿ ಸುತ್ತಿ ಅಳೀರಿ. ಆ ಮೂರು ವೀಲಿನವುಗಳಲ್ಲಿ ವೀಲು ಚಿಕ್ಕದಿರತ್ತೆ, ಹಾಗಾಗಿ ಬ್ಲೇಡಿನ ದಪ್ಪಾನೂ ಮುಖ್ಯ. ದಪ್ಪ ವೀಲ್ ವ್ಯಾಸದ ಸಾವಿರದಲ್ಲಿ ಒಂದು ಭಾಗದ ಆಸುಪಾಸು ಇರಲಿ ಅನ್ನೋದು ಹಳೇ ಲೆಕ್ಕ. 14 ಇಂಚಿನ ಮಷೀನಲ್ಲಿ 0.6 ಮಿಮೀ ಬ್ಲೇಡೂ ಓಡಿಸ್ತಾರೆ, ನಡೆಯತ್ತೆ, ಆದ್ರೆ ಸಣ್ಣ ವೀಲಲ್ಲಿ ಅದೇ ಬ್ಲೇಡು ಬಗ್ಗಿ ಬಗ್ಗಿ ಬೇಗ ತುಂಡಾಗತ್ತೆ, ಬ್ಲೇಡ್ ಕಂಪನಿ ಸರಿ ಇಲ್ಲ ಅಂತ ಬೈದು ಪ್ರಯೋಜನ ಇಲ್ಲ.

7. ಗೈಡು

ಗೈಡ್ ಬ್ಲಾಕ್ ಸವೆದಿದ್ರೆ ಕೊಳ್ಳೋ ಅಗತ್ಯಾನೇ ಇಲ್ಲ, ಹೋಲ್ಡರ್ ಒಳಗಿನ ಚೌಕ ಅಳೆದು ಗಟ್ಟಿ ಮರದಲ್ಲಿ ಮಾಡಿ ಎಣ್ಣೇಲಿ ನೆನೆಸಿ ಹಾಕ್ಬಹುದು, ಸವೆದಾಗ ತುದಿ ಉಜ್ಜಿದ್ರೆ ಮತ್ತೆ ಹೊಸದು. ಹಿತ್ತಾಳೆ, ಫಿನಾಲಿಕ್ ಶೀಟು ಕೂಡ ಆಗತ್ತೆ. ಬ್ಲೇಡನ್ನ ಹಿಂದಿನಿಂದ ತಡೆಯೋ ಥ್ರಸ್ಟ್ ಬೇರಿಂಗ್ ಹೆಚ್ಚಿನ ಮಷೀನಲ್ಲಿ ಸಾದಾ ಸಣ್ಣ ಬೇರಿಂಗೇ, ಮೇಲಿನ ಹಾಗೆ ಅಳೆದು ತನ್ನಿ.

ಹೋಲ್ಡರೇ ಇಲ್ಲಾಂದ್ರೆ ಕಾರ್ಟರ್ ಥರದ ಕಂಪನಿಗಳು ಹಳೇ ಮಷೀನಿಗೆ ಹೊಂದೋ ಪೂರ್ತಿ ಗೈಡ್ ಸೆಟ್ ಮಾಡ್ತಾರೆ. ಅದಕ್ಕೆ ಬೇಕಾಗೋ ಅಳತೆ: ಗೈಡ್ ಕಂಬ ದುಂಡಾ ಚೌಕಾನಾ, ಅದರ ದಪ್ಪ, ಕಂಬದಿಂದ ಬ್ಲೇಡಿಗೆ ಇರೋ ದೂರ, ಅಕ್ಕಪಕ್ಕದ್ದು ಒಂದು, ಹಿಂದೆ ಮುಂದೆ ಇನ್ನೊಂದು. ಕೆಳಗಿನ ಗೈಡ್ ಜಾಗಾನ ಬೇರೆಯಾಗೇ ಅಳೀರಿ, ಅಲ್ಲಿ ಜಾಗ ಇಕ್ಕಟ್ಟು, ಟೇಬಲ್ ವಾಲಿಸಿದಾಗ ತಾಗಬಹುದು.

8. ಸ್ಪ್ರಿಂಗು, ಸ್ಕ್ರೂ

ಟೆನ್ಷನ್ ಸ್ಪ್ರಿಂಗ್ ಎಷ್ಟೋ ವರ್ಷ ಒತ್ತಿಸ್ಕೊಂಡೇ ಇದ್ದು ಕುಗ್ಗಿರತ್ತೆ, ಹಾಗಾಗಿ ಹಳೇದರ ಉದ್ದ ನಂಬೋಕಾಗಲ್ಲ. ತಂತಿಯ ದಪ್ಪ, ಹೊರವ್ಯಾಸ, ಸುತ್ತು ಎಷ್ಟು, ಇವು ಮೂರು ನಂಬಬಹುದು. ತಂತಿ ದಪ್ಪನ ಕಣ್ಣಂದಾಜಲ್ಲಿ ಹೇಳ್ಬೇಡಿ, ಸ್ಪ್ರಿಂಗಿನ ಬಿಗಿ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರತ್ತೆ, ಶೇಕಡ 10 ದಪ್ಪ ಜಾಸ್ತಿ ಆದ್ರೆ ಬಿಗಿ ಶೇಕಡ 46 ಜಾಸ್ತಿ. ಇನ್ನೂ ಗಟ್ಟಿ ಇರಲಿ ಅಂತ ದಪ್ಪ ಸ್ಪ್ರಿಂಗ್ ಹಾಕಿ ಜೋರಾಗಿ ಬಿಗಿದು, ಮೇಲಿನ ವೀಲ್ ಹಿಡಿಯೋ ಬ್ರಾಕೆಟ್ಟನ್ನೇ ಬಗ್ಗಿಸಿಬಿಟ್ಟ ಮಷೀನುಗಳಿವೆ. ಸ್ಪ್ರಿಂಗು ಸಿಗತ್ತೆ, ಬ್ರಾಕೆಟ್ಟು ಸಿಗಲ್ಲ.

ಸ್ಕ್ರೂಗೆ ಥ್ರೆಡ್ ಗೇಜ್ ಒಂದು ಇಟ್ಕೊಳ್ಳಿ. 5/16 ಇಂಚಿನ ಬೋಲ್ಟು 7.94 ಮಿಮೀ, ಎಂ8 ಬೋಲ್ಟು 8 ಮಿಮೀ, ಕಣ್ಣಿಗೆ ಎರಡೂ ಒಂದೇ. ಆದ್ರೆ ಮೊದಲನೇದಕ್ಕೆ ಇಂಚಿಗೆ 18 ಥ್ರೆಡ್ಡು, ಎರಡನೇದಕ್ಕೆ ಒಂದೂಕಾಲು ಮಿಮೀಗೆ ಒಂದು. ಎರಡು ಸುತ್ತು ಹೋಗಿ ಬಿಗಿಯಾಗತ್ತೆ, ಸ್ವಲ್ಪ ತುಕ್ಕು ಇರ್ಬೇಕು ಅಂತ ಪಾನಾ ಹಾಕಿದ್ರೆ ಎರಕದ ಥ್ರೆಡ್ ಹೋಯ್ತು. ಹಳೇ ಬ್ರಿಟಿಷ್ ಮಷೀನಾದ್ರೆ ವಿಟ್‌ವರ್ತ್ ಥ್ರೆಡ್ ಇರತ್ತೆ, ಕೋನ 60 ಡಿಗ್ರಿ ಅಲ್ಲ, 55. ಅರ್ಧ ಇಂಚಿನದ್ರಲ್ಲಿ ವಿಟ್‌ವರ್ತ್ ಇಂಚಿಗೆ 12 ಥ್ರೆಡ್ಡು, ಅಮೆರಿಕದ್ದು 13. ಕೈಯಲ್ಲಿ ಸಲೀಸಾಗಿ ಪೂರ್ತಿ ಒಳಗೆ ಹೋಗದ ಬೋಲ್ಟು ಆ ತೂತಿನದ್ದಲ್ಲ ಅಂದ್ಕೊಳ್ಳಿ.

9. ಈಗ ಬಂತು ಕಷ್ಟದ್ದು: ಎರಕದ ಭಾಗಗಳು

ಟ್ರನಿಯನ್, ಅಂದ್ರೆ ಟೇಬಲ್ ಕೆಳಗಿನ ಅರ್ಧಚಂದ್ರದ ಆಧಾರ, ಮೇಲಿನ ವೀಲಿನ ಹಿಂಜ್ ಬ್ರಾಕೆಟ್ಟು, ಕವರ್‌ಗಳು, ವೀಲುಗಳು. ಮೂರನೇ ಪಟ್ಟೀಲಿ ಉಳಿಯೋದು ಇವೇ.

ಟ್ರನಿಯನ್ ಒಡೆಯೋದು ಯಾಕಂದ್ರೆ ಎಷ್ಟೋ ಮಷೀನಲ್ಲಿ ಅದು ಕಬ್ಬಿಣ ಅಲ್ಲ, ಸತುವಿನ ಎರಕ. ಟೇಬಲ್ ಹಿಡಿದು ಮಷೀನ್ ಎತ್ತಿದ್ರೆ ಮುಗೀತು ಅದರ ಕಥೆ. ತುಂಬ ಹಳೇದಾದ್ರೆ ಇನ್ನೊಂದು ಕಾಯಿಲೆ ಇದೆ, ಸತುವಿನಲ್ಲಿ ಸೀಸದ ಅಂಶ ಸೇರಿದ್ರೆ ವರ್ಷಗಳು ಕಳೆದ ಹಾಗೆ ಒಳಗಿಂದಾನೇ ಉಬ್ಬಿ, ಬಿರುಕು ಬಿಟ್ಟು, ಪುಡಿ ಆಗತ್ತೆ. ಹಾಗೆ ಆದದ್ದನ್ನ ಅಂಟಿಸೋಕೆ, ಬೆಸೆಯೋಕೆ ಹೋಗ್ಬೇಡಿ, ಪಕ್ಕದಲ್ಲೇ ಮತ್ತೆ ಬಿರಿಯತ್ತೆ. ಎಸೀಬೇಡಿ ಕೂಡ, ತುಂಡುಗಳನ್ನ ಜೋಡಿಸಿ ದಾರ ಕಟ್ಟಿ ಇಡಿ, ಹೊಸದು ಮಾಡಿಸೋಕೆ ಅದೇ ಮಾದರಿ.

ಮೂರು ದಾರಿ ಇವೆ. ಮೊದಲನೇದು, ಅದೇ ಆಕಾರದ ನಕಲು ಮಷೀನಿನ ಹೊಸ ಪಾರ್ಟು. ಎರಡನೇದು, ದಾನಿ ಮಷೀನು: ಮೋಟರ್ ಸುಟ್ಟುಹೋದ, ಬಾಡಿ ಒಡೆದ ಇನ್ನೊಂದು ಅದೇ ಮಾಡೆಲ್ ಇಡಿಯಾಗಿ ಕೊಳ್ಳೋದು. ಮೂರು ಪಾರ್ಟ್ ಬೇಕಾದವರಿಗೆ ಇದು ನಿಜಕ್ಕೂ ಲಾಭ, ಉಳಿದದ್ದು ನಿಮ್ಮ ಹಾಗೆ ಹುಡುಕ್ತಿರೋ ಇನ್ನೊಬ್ಬರಿಗೆ ಆಗತ್ತೆ. ಮೂರನೇದು ಮಾಡಿಸೋದು. ಟ್ರನಿಯನ್ನಾದ್ರೆ ಅಲ್ಯೂಮಿನಿಯಂ ದಪ್ಪ ಪ್ಲೇಟಲ್ಲಿ ಮಿಲ್ಲಿಂಗ್ ಮಾಡಿಸಬಹುದು, ಹಿಂಜ್ ಬ್ರಾಕೆಟ್ಟಾದ್ರೆ ಸ್ಟೀಲಲ್ಲಿ. ಮಿಷಿನಿಸ್ಟ್ ಹತ್ರ ಹೋಗುವಾಗ ಒಡೆದ ಪಾರ್ಟಿನ ಜೊತೆಗೆ ಅದು ಕೂರೋ ಜಾಗದ ಅಳತೇನೂ ತಗೊಂಡು ಹೋಗಿ, ಒಡೆದದ್ದು ಸವೆದೂ ಇರತ್ತೆ, ಅದನ್ನೇ ನಕಲು ಮಾಡಿದ್ರೆ ಸವೆತಾನೂ ನಕಲಾಗತ್ತೆ.

ಬಾಡಿ ಎರಕದ ಕಬ್ಬಿಣದ್ದಾಗಿ ಬಿರುಕು ಬಿಟ್ಟಿದ್ರೆ ಬ್ರೇಜಿಂಗ್, ಅಂದ್ರೆ ಹಿತ್ತಾಳೆ ಥರದ ಲೋಹ ಕರಗಿಸಿ ಬೆಸೆಯೋದು, ಆಗತ್ತೆ, ಇಲ್ಲ ಬಿಸಿ ಮಾಡಿ ನಿಕಲ್ ರಾಡಲ್ಲಿ ವೆಲ್ಡಿಂಗ್ ಆಗತ್ತೆ, ಅನುಭವ ಇರೋರು ಮಾಡ್ಬೇಕು. ವೀಲೇ ಬಿರುಕು ಬಿಟ್ಟಿದ್ರೆ ಮಾತ್ರ ರಿಪೇರಿ ಬೇಡ. ಅದು ಜೋರಾಗಿ ತಿರುಗೋ ಭಾಗ, ನಿಮ್ಮ ಮುಖದ ಪಕ್ಕದಲ್ಲೇ. ಬೇರೆ ವೀಲು ಸಿಗೋ ತನಕ ಮಷೀನು ನಿಂತಿರಲಿ.

ಟೇಬಲ್ ಮಧ್ಯದ ಇನ್ಸರ್ಟ್, ಗುಂಡಿಗಳು, ಡಸ್ಟ್ ಪೈಪಿನ ಬಾಯಿ, ಇವನ್ನೆಲ್ಲ 3ಡಿ ಪ್ರಿಂಟ್ ಮಾಡ್ಕೊಳ್ಳಿ, ಪ್ಲೈವುಡ್ಡಲ್ಲಾದ್ರೂ ಮಾಡ್ಕೊಳ್ಳಿ. ಇನ್ಸರ್ಟನ್ನ ಸ್ಟೀಲಲ್ಲಿ ಮಾಡಿಸ್ಬೇಡಿ, ಬ್ಲೇಡ್ ತಾಗಿದ್ರೆ ಹಲ್ಲು ಹೋಗತ್ತೆ. ಬಲ ಬೀಳೋ ಯಾವುದಕ್ಕೂ ಪ್ರಿಂಟ್ ಮಾಡಿದ್ದು ಬೇಡ, ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿ ಬಿಸಿ ಹತ್ರಾನೇ ಮೆತ್ತಗಾಗತ್ತೆ.

10. ಮೋಟರು, ಸ್ವಿಚ್ಚು

ಮೋಟರ್ ಸುಟ್ಟಿಲ್ಲ, ಬರೀ ಗುಂಯ್ ಅಂತ ನಿಂತ್ಕೊಳತ್ತೆ ಅಂದ್ರೆ ಕೆಪಾಸಿಟರ್ ನೋಡಿ. ಹೊಸದರ ಮೈಕ್ರೋಫ್ಯಾರಡ್ ಹಳೇದರಷ್ಟೇ ಇರ್ಬೇಕು, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ. ಪ್ಲಗ್ ಕಿತ್ತಮೇಲೂ ಅದರಲ್ಲಿ ಕರೆಂಟ್ ಉಳಿದಿರತ್ತೆ, ರೆಸಿಸ್ಟರ್ ಮೂಲಕ ಇಳಿಸಿಯೇ ಮುಟ್ಟಿ.

ಮೋಟರೇ ಬದಲಿಸೋದಾದ್ರೆ ಪ್ಲೇಟಲ್ಲಿ ಫ್ರೇಮ್ ನಂಬರ್ ಇರತ್ತೆ. 71, 80, 90 ಅಂದ್ರೆ ಕಾಲಿಂದ ಶಾಫ್ಟ್ ಮಧ್ಯಕ್ಕೆ ಅಷ್ಟು ಮಿಮೀ, ಶಾಫ್ಟ್ ದಪ್ಪ ಸಾಮಾನ್ಯವಾಗಿ 14, 19, 24. ಅಮೆರಿಕದ 56 ಫ್ರೇಮಾದ್ರೆ ಎತ್ತರ ಮೂರೂವರೆ ಇಂಚು, ಶಾಫ್ಟ್ ಐದೆಂಟಾಂಶ ಇಂಚು. ಆರ್‌ಪಿಎಂ ಮರೀಬೇಡಿ. 60 ಹರ್ಟ್ಸ್‌ನಲ್ಲಿ 1725 ತಿರುಗ್ತಿದ್ದ ಜಾಗಕ್ಕೆ 50 ಹರ್ಟ್ಸಿನ 1440ರದ್ದು ಹಾಕಿದ್ರೆ ವೇಗ ಆರರಲ್ಲಿ ಒಂದು ಭಾಗ ಕಮ್ಮಿ, ಪುಲ್ಲಿ ಬದಲಿಸಿ ಸರಿ ಮಾಡ್ಬಹುದು. ಆದ್ರೆ 1440ರ ಜಾಗಕ್ಕೆ 2850ರ ಮೋಟರ್ ಹಾಗೇ ಹಾಕಿದ್ರೆ ವೀಲು ಹತ್ತಿರ ಹತ್ತಿರ ಎರಡರಷ್ಟು ವೇಗದಲ್ಲಿ ತಿರುಗತ್ತೆ, ಹಳೇ ಎರಕದ ವೀಲಿಗೆ ಅದು ಅಪಾಯ. 356 ಮಿಮೀ ವೀಲು ನಿಮಿಷಕ್ಕೆ 800 ಸುತ್ತು ತಿರುಗಿದ್ರೆ ಬ್ಲೇಡು ನಿಮಿಷಕ್ಕೆ ಸುಮಾರು 900 ಮೀಟರ್ ಓಡತ್ತೆ, ಮರಕ್ಕೆ ಅದು ಸರಿಯಾದ ವೇಗ. ಲೋಹಕ್ಕೆ ಅದರ ಹತ್ತರಲ್ಲಿ ಒಂದು ಭಾಗ ಅಥವಾ ಇನ್ನೂ ಕಮ್ಮಿ.

ಸ್ವಿಚ್ಚು ಹಳೇದನ್ನೇ ಉಳಿಸೋ ಆಸೆ ಬೇಡ. ಕರೆಂಟ್ ಹೋಗಿ ಬಂದ್ರೆ ತಾನಾಗೇ ಶುರುವಾಗದ ನೋ ವೋಲ್ಟ್ ಸ್ವಿಚ್ ಹಾಕಿ. ದೊಡ್ಡ ಹಳೇ ಮಷೀನಿಗೆ ಕಾಲಲ್ಲಿ ಒತ್ತೋ ಬ್ರೇಕ್ ಇದ್ರೆ ಅದರ ಪಟ್ಟೀಲಿ ಆಸ್ಬೆಸ್ಟಾಸ್ ಇರ್ಬಹುದು, ಒಣಗಿದ್ದನ್ನ ಉಜ್ಜಬೇಡಿ, ಗಾಳಿ ಹೊಡೀಬೇಡಿ.

11. ಕೊಳ್ಳೋವಾಗ

ದೂರದಿಂದ ಸೆಕೆಂಡ್ ಹ್ಯಾಂಡ್ ಪಾರ್ಟ್ ತರಿಸ್ತಿದ್ರೆ ಆಗತ್ತಾ ಅಂತ ಕೇಳ್ಬೇಡಿ, ಎಲ್ರೂ ಆಗತ್ತೆ ಅಂತಾನೇ ಹೇಳ್ತಾರೆ. ಇಂಥಾ ಜಾಗದಲ್ಲಿ ಕ್ಯಾಲಿಪರ್ ಇಟ್ಟು ಫೋಟೋ ಕಳ್ಸಿ ಅಂತ ಕೇಳಿ, ಎಲ್ಲಿ ಇಡಬೇಕು ಅಂತ ನಿಮ್ಮ ಪಾರ್ಟಿನ ಫೋಟೋದಲ್ಲಿ ಬಾಣ ಹಾಕಿ ತೋರಿಸಿ. ಟ್ರನಿಯನ್ನಾದ್ರೆ ಕೆಳಭಾಗದ ಫೋಟೋ, ವೀಲಾದ್ರೆ ಮಧ್ಯದ ತೂತು ಮತ್ತು ಕಡ್ಡಿಗಳ ಬುಡ, ಬಿರುಕು ಶುರುವಾಗೋದೇ ಅಲ್ಲಿ. ಒಂದೇ ಸಲ ಎಲ್ಲ ಆರ್ಡರ್ ಮಾಡ್ಬೇಡಿ. ಕಷ್ಟದ ಎರಕ ಮೊದ್ಲು, ಅದು ಕೈಗೆ ಬಂದು ಕೂತ್ಕೊಂಡ ಮೇಲೆ ಬೇರಿಂಗು, ಟೈರು, ಕೊನೇಲಿ ಬ್ಲೇಡು. ಟೈರಿನ ದಪ್ಪದ ಮೇಲೆ ಬ್ಲೇಡಿನ ಉದ್ದ ಕೂಡ ಸ್ವಲ್ಪ ಬದಲಾಗತ್ತೆ.

ಎಲ್ಲ ಜೋಡಿಸಿದ ಮೇಲೆ ಬ್ಲೇಡ್ ಹಾಕಿ, ಗೈಡ್ ಹಿಂದಕ್ಕೆ ಸರಿಸಿ, ಪ್ಲಗ್ ಹಾಕ್ದೆ ಕೈಯಲ್ಲೇ ಇಪ್ಪತ್ತು ಸುತ್ತು ತಿರುಗಿಸಿ. ಬ್ಲೇಡ್ ಮಧ್ಯದಲ್ಲೇ ಉಳಿದ್ರೆ ಪಕ್ಕದ ಗೈಡನ್ನ ಒಂದು ಕಾಗದದ ಸಂದಿ ಬಿಟ್ಟು ತನ್ನಿ, ಅದರ ಮುಂದಿನ ತುದಿ ಹಲ್ಲಿನ ಬುಡಕ್ಕಿಂತ ಹಿಂದೇನೇ ಇರಲಿ. ಕವರ್ ಮುಚ್ಚಿ, ಪಕ್ಕಕ್ಕೆ ನಿಂತು ಆನ್ ಮಾಡಿ. ಅರ್ಧ ಗಂಟೆ ಓಡಿಸಿ ಪ್ಲಗ್ ಕಿತ್ತು ಬೇರಿಂಗ್ ಜಾಗ ಮುಟ್ಟಿ ನೋಡಿ, ಬೆಚ್ಚಗಿದ್ರೆ ಸರಿ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಬೇರಿಂಗ್ ಓರೆ ಕೂತಿದೆ ಅಂತ, ಬಿಚ್ಚಿ ನೋಡಿ. ವೀಲ್ ನಟ್ಟು, ಪುಲ್ಲಿ ಸ್ಕ್ರೂ ಇನ್ನೊಂದು ಸಲ ಬಿಗೀರಿ. ಆಮೇಲೆ ಅದೇ ಹಾಳೇಲಿ ಬೇರಿಂಗ್ ನಂಬರು, ಬೆಲ್ಟ್ ನಂಬರು, ರಿಮ್ಮಿನ ವ್ಯಾಸ, ಬ್ಲೇಡಿನ ಉದ್ದ, ಎಡಗೈ ಥ್ರೆಡ್ ಯಾವ ಕಡೆ ಇದೆ ಅನ್ನೋದನ್ನ ನೀಟಾಗಿ ಬರೆದು, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮೇಲಿನ ವೀಲ್ ಕವರಿನ ಒಳಗಡೆ ಅಂಟಿಸಿ, ನಿಮ್ಮ ನಂತರ ಆ ಮಷೀನ್ ಬಿಚ್ಚೋರಿಗೆ ಸಿಗಲಿ.